ದುರ್ಬೀನು ಯಾರ ಕೊರಳಿಗೆ?

ತುಮಕೂರು ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ:

"ನಮ್ಮದು ಹಕ್ಕಿ ನೋಡುವ ಹವ್ಯಾಸಿಗಳ ಬಳಗ. ಎಪ್ಪತ್ತರ ಹತ್ತಿರ ಸದಸ್ಯರಿದ್ದೇವೆ. ಈ ದೀಪಾವಳಿಗೆ ಬಳಗದ ಅರ್ಹ ಸದಸ್ಯರೊಬ್ಬರಿಗೆ ದುರ್ಬೀನು ಉಡುಗೊರೆ ಕೊಡೋಣವೆಂದು ತೀರ್ಮಾನಿಸಿದೆವು. 62 ಮಂದಿ ತಲಾ 300 ರೂಪಾಯಿ ಹಾಕಿ 18,600 ಸೇರಿದೆ. ಬೇಕಾದವರು ಕಾರಣ ಬರೆದುಕೊಡಿ, ಬೇರೆಯವರ ಹೆಸರನ್ನೂ ಸೂಚಿಸಬಹುದು ಎಂದೆವು. ಕೊನೆಗೆ ಮೂರು ಹೆಸರು ಉಳಿದಿವೆ. ಮೊದಲನೆಯವರು ನಿವೃತ್ತ ಬ್ಯಾಂಕ್ ಅಧಿಕಾರಿ. ಹನ್ನೊಂದು ವರ್ಷಗಳಿಂದ ತಿಂಗಳ ಸುತ್ತಾಟಗಳನ್ನೆಲ್ಲ ಏರ್ಪಡಿಸುತ್ತಿದ್ದಾರೆ, ಅವರ ಪಟ್ಟಿಯಲ್ಲಿ 340 ಜಾತಿಯ ಹಕ್ಕಿಗಳಿವೆ. 'ನನ್ನ ಬಳಿ ಎರಡು ಇವೆ, ಬೇಡ' ಎನ್ನುತ್ತಿದ್ದಾರೆ. ಎರಡನೆಯವನು ಪದವಿ ಓದುತ್ತಿರುವ ಹುಡುಗ. ಮನೆಯ ಕಷ್ಟವನ್ನು ನಾಲ್ಕು ಪುಟ ಬರೆದಿದ್ದಾನೆ. ಓದಿದವರಲ್ಲಿ ಇಬ್ಬರು ಕಣ್ಣೀರು ಹಾಕಿದರು, ಮೂವರು ನಾಟಕ ಎಂದರು. ಮೂರನೆಯವರು ಕೆರೆಯ ಪಕ್ಕದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳು. ಅವರು ಏನೂ ಬರೆದುಕೊಟ್ಟಿಲ್ಲ, ಅದೇ ಶಾಲೆಯ ಶಿಕ್ಷಕಿ ಹೆಸರು ಸೂಚಿಸಿದರು. ಸುತ್ತಾಟಕ್ಕೆ ಬರುವುದು ಅಪರೂಪ, ವಂತಿಗೆ ಬಾಕಿ, ಪಟ್ಟಿ ನಲವತ್ತು ದಾಟಿಲ್ಲ. ಆದರೆ ಆರು ವರ್ಷಗಳಿಂದ ಶಾಲೆಗೆ ಹೋದ ಪ್ರತಿದಿನವೂ ಕೆರೆಯಲ್ಲಿ ಕಂಡ ನೀರಹಕ್ಕಿಗಳ ಲೆಕ್ಕವನ್ನು ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಬಾತುಗಳ ಜಾತಿಯನ್ನೇ ಬೇರ್ಪಡಿಸದ ಆ ಲೆಕ್ಕವನ್ನು ನಂಬುವುದು ಹೇಗೆ ಎಂದು ನಮ್ಮ ಅನುಭವಿಗಳ ಆಕ್ಷೇಪ. ಮತ ಹಾಕಿಸೋಣವೇ, ಚೀಟಿ ಎತ್ತೋಣವೇ? ಅರ್ಹತೆಯನ್ನು ಅಳೆಯುವುದು ಹೇಗೆ? ಬಳಗ ಒಡೆಯುವ ಹಂತಕ್ಕೆ ಬಂದಿದೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ."

ನಮಸ್ಕಾರ.

ಹೆಸರು ಹಾಕಿಲ್ಲ. ಆದರೆ ನಿಮ್ಮ ಬಳಗದವರು ಈ ಪುಟ ಓದಿದರೆ ಅರೆಗಳಿಗೆಯಲ್ಲಿ ಗುರುತು ಹಿಡಿಯುತ್ತಾರೆ, ಅದಕ್ಕೆ ಸಿದ್ಧರಾಗಿರಿ.

ಮೊದಲು ನಮ್ಮದೇ ಮನೆಯ ಪುರಾಣ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಗೂ ಇಂಥದೇ ಉತ್ಸಾಹ ಬಂದಿತ್ತು. ಯುಗಾದಿಗೆ ಒಬ್ಬ ಓದುಗರಿಗೆ ದುರ್ಬೀನು ಕೊಡುತ್ತೇವೆ, ನಿಮಗೇ ಏಕೆ ಕೊಡಬೇಕು ಎಂಬುದನ್ನು ಬರೆದು ಕಳಿಸಿ ಎಂದು ಪ್ರಕಟಿಸಿದೆವು. ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಮಲೆನಾಡಿನ ನಿವೃತ್ತ ಮೇಷ್ಟರೊಬ್ಬರದು. ಕುಟ್ರುಹಕ್ಕಿಯ ಕೂಗಿನ ಬಗ್ಗೆ ಅವರು ಬರೆದ ಎರಡು ಪ್ಯಾರಾಗಳನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿಸಿಕೊಂಡು ಕೇಳಿದೆವು. ಎರಡನೆಯ ಮಾತಿಲ್ಲದೆ ಅವರನ್ನು ಆರಿಸಿ, ಅಂಗಡಿಯವನು 'ದೊಡ್ಡದೇ ಒಳ್ಳೆಯದು' ಎಂದದ್ದನ್ನು ನಂಬಿ, ಹತ್ತು–ಐವತ್ತರ, ಅಂದರೆ ಹತ್ತು ಪಟ್ಟು ಹಿಗ್ಗಿಸುವ, ಐವತ್ತು ಮಿಲಿಮೀಟರು ಅಗಲದ ಮುಂಗಾಜಿನ ದುರ್ಬೀನು ಕಳಿಸಿದೆವು. ತೂಕ ಒಂದು ಕಿಲೋದ ಹತ್ತಿರ.

ಮುಂದಿನ ವರ್ಷ ಆ ಕಡೆ ಹೋದಾಗ ಅವರ ಮನೆಗೆ ಹೋಗಿದ್ದೆ. ದುರ್ಬೀನು ಗಾಜಿನ ಬೀರುವಿನಲ್ಲಿ ಮೈಸೂರು ದಸರೆಯ ಆನೆಯ ಗೊಂಬೆಯ ಪಕ್ಕ ಕುಳಿತಿತ್ತು. ಮೇಷ್ಟರಿಗೆ ದಪ್ಪ ಕನ್ನಡಕ, ಅದರಲ್ಲೂ ಸಿಲಿಂಡರ್ ಪವರ್, ಅಂದರೆ ದುರ್ಬೀನಿನ ತಿರುಪು ತಿರುಗಿಸಿದರೂ ಸರಿಹೋಗದ ದೃಷ್ಟಿದೋಷ. ಕನ್ನಡಕ ತೆಗೆದು ನೋಡಿದರೆ ಎಲ್ಲ ಕಲಸುಮೇಲೋಗರ, ಹಾಕಿಕೊಂಡು ನೋಡಿದರೆ ಮಧ್ಯದಲ್ಲಿ ಕಾಸಿನಗಲ ಬೆಳಕು, ಸುತ್ತ ಕತ್ತಲೆ. ಸಾಲದ್ದಕ್ಕೆ ಹತ್ತು ಪಟ್ಟು ಹಿಗ್ಗಿಸುವ ದುರ್ಬೀನು ಕೈಯ ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. ಪಾಪ, ನಮಗೆ ಬೇಸರವಾಗಬಾರದೆಂದು ಒಂದು ವರ್ಷ ಸುಮ್ಮನಿದ್ದರು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಗೆ ನಾವು ಅಂಚೆವೆಚ್ಚವನ್ನೂ ಕೊಟ್ಟಂತಾಯಿತು. ಪತ್ರದ ಸೊಗಸನ್ನು ಅಳೆದ ನಾವು ಕನ್ನಡಕ ಹಾಕುತ್ತೀರಾ ಎಂಬ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ.

ನಮ್ಮ ಹಿರಿಯರಲ್ಲಿ ಪಾತ್ರಾಪಾತ್ರ ವಿವೇಕ ಎಂಬ ಮಾತಿತ್ತು. ದಾನ ಪಡೆಯುವವನು 'ಪಾತ್ರ'. ಅದೇ ಪದ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಆಗಿದೆ. ಪಾತ್ರೆಯನ್ನು ಆರಿಸುವಾಗ ನಾವು ಅದರ ಗುಣನಡತೆ ವಿಚಾರಿಸುವುದಿಲ್ಲ. ಹಾಲು ಕಾಯಿಸುವುದಕ್ಕೋ ಸಾರು ಮಾಡುವುದಕ್ಕೋ ಎಂದು ನೋಡುತ್ತೇವೆ. ನೀವು 'ಅರ್ಹ ಸದಸ್ಯ' ಎಂದು ಪ್ರಕಟಿಸಿದ ದಿನವೇ ಎಡವಿದಿರಿ ಎಂದು ನನಗೆ ಅನ್ನಿಸುತ್ತದೆ. ಒಬ್ಬರನ್ನು ಅರ್ಹರೆಂದು ಸಾರಿದರೆ ಉಳಿದ ಅರವತ್ತೊಂಬತ್ತು ಮಂದಿ ಏನಾದರು? ದುರ್ಬೀನು ಸಿಗದಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ, ಅನರ್ಹರ ಸಾಲಿಗೆ ಬಿದ್ದದ್ದಕ್ಕೆ ಮುನಿಸಿಕೊಳ್ಳುತ್ತಾರೆ.

ಇನ್ನು ಪಟ್ಟಿಯ ಮಾತು. ಕರ್ನಾಟಕದಲ್ಲಿ ದಾಖಲಾಗಿರುವ ಹಕ್ಕಿ ಜಾತಿಗಳು 500ಕ್ಕೂ ಹೆಚ್ಚು. ಅದರಲ್ಲಿ 340ನ್ನು ನೋಡಬೇಕಾದರೆ ಮಂಗಟ್ಟೆಗಾಗಿ ದಾಂಡೇಲಿಗೆ ಹೋಗಬೇಕು, ಪಟ್ಟೆತಲೆ ಹೆಬ್ಬಾತಿಗಾಗಿ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು, ಕಡಲಹಕ್ಕಿಗಳಿಗಾಗಿ ಕರಾವಳಿಗೆ ಇಳಿಯಬೇಕು, ಹುಲ್ಲುಗಾವಲಿಗೆ ಹೆಸರಘಟ್ಟಕ್ಕೋ ಇನ್ನೆಲ್ಲಿಗೋ ನಸುಕಿನಲ್ಲೇ ಹೊರಡಬೇಕು. ಅಧಿಕಾರಿಗಳ ಶ್ರದ್ಧೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೂ ಉದ್ದದ ಪಟ್ಟಿಯಲ್ಲಿ ಕಣ್ಣಿನ ಕೆಲಸ ಎಷ್ಟೋ ಪೆಟ್ರೋಲಿನ ಕೆಲಸವೂ ಅಷ್ಟೇ ಇರುತ್ತದೆ. ಮಧ್ಯಾಹ್ನದೊಳಗೆ ಮಕ್ಕಳಿಗೆ ಅನ್ನ ಬಡಿಸಬೇಕಾದವರ ಪಟ್ಟಿ ಒಂದು ಕೆರೆಯ ಅಂಚಿನಲ್ಲೇ ನಿಲ್ಲುತ್ತದೆ. ಇದಕ್ಕಿಂತ ವಿಚಿತ್ರವಾದದ್ದು ಬಾತಿನ ಆಕ್ಷೇಪ. ದುರ್ಬೀನು ಇಲ್ಲದ್ದರಿಂದ ಬಾತಿನ ಜಾತಿ ಗೊತ್ತಾಗಿಲ್ಲ, ಬಾತಿನ ಜಾತಿ ಗೊತ್ತಾಗದ್ದರಿಂದ ದುರ್ಬೀನು ಕೊಡಬಾರದು! ಈಜು ಬಾರದವನನ್ನು ನೀರಿಗೆ ಇಳಿಸಬೇಡಿ ಎಂದಂತಾಯಿತು.

ಆ ಅನುಭವಿಗಳನ್ನು ನಾನೂ ಒಂದು ಮಾತು ಕೇಳುತ್ತೇನೆ. ಕೆರೆಯ ನಡುವೆ ತೇಲುತ್ತಿರುವ ಬಿಳಿಹುಬ್ಬಿನ ಬಾತಿನ ಹಿಂಡನ್ನು ಏರಿಯ ಮೇಲೆ ನಿಂತು ಬರಿಗಣ್ಣಿನಲ್ಲಿ ಬೇರ್ಪಡಿಸಿ ತೋರಿಸಲಿ ನೋಡೋಣ. ಚಳಿಗಾಲದ ಮೊದಲ ತಿಂಗಳುಗಳಲ್ಲಿ ಗಂಡಿಗೂ ಆ ಬಿಳಿ ಹುಬ್ಬು ಮೂಡಿರುವುದಿಲ್ಲ, ಹೆಣ್ಣಿನಂತೆಯೇ ಮಾಸಲು ಕಂದಾಗಿರುತ್ತದೆ. ಒಳ್ಳೆಯ ದುರ್ಬೀನು ಹಿಡಿದವರೇ ಅಲ್ಲಿ ತಡವರಿಸುತ್ತಾರೆ. 'ಬಾತು, ಇನ್ನೂರರ ಮೇಲೆ' ಎಂದು ಬರೆದ ಅಡುಗೆಯವರು ಕಂಡಷ್ಟನ್ನೇ ಬರೆದಿದ್ದಾರೆ. ಕಾಣದ್ದಕ್ಕೆ ಹೆಸರು ಕಟ್ಟಿಲ್ಲ. ಇದು ನಮ್ಮ ಹವ್ಯಾಸದಲ್ಲಿ ಸುಲಭಕ್ಕೆ ಸಿಗುವ ಗುಣವಲ್ಲ, ನನ್ನ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತಿರುವಿದಾಗ ನನಗೇ ನಾಚಿಕೆಯಾಗುತ್ತದೆ.

ಪ್ರತಿ ಜನವರಿಯಲ್ಲಿ ಏಷ್ಯಾದ ನೀರಹಕ್ಕಿಗಳ ಗಣತಿ ನಡೆಯುತ್ತದೆ. ನಮ್ಮ ಉಪಖಂಡದಲ್ಲಿ ಅದು 1987ರಲ್ಲಿ ಶುರುವಾಯಿತು. ಒಂದು ಕೆರೆಗೆ ಹವ್ಯಾಸಿಗಳು ಒಂದು ಬೆಳಿಗ್ಗೆ ಹೋಗಿ ಎಣಿಸಿ ಬರುತ್ತಾರೆ. ದೊಡ್ಡ ಕೆಲಸವೇ ಸರಿ. ಆದರೆ ಬಾತುಗಳು ಬಂದಿಳಿದದ್ದು ಯಾವಾಗ, ಹೊರಟುಹೋದದ್ದು ಯಾವಾಗ, ನೀರು ಇಳಿದ ವರ್ಷ ಏನಾಯಿತು ಎಂಬುದು ಆ ಒಂದು ಬೆಳಿಗ್ಗೆಯಲ್ಲಿ ಸಿಗುವುದಿಲ್ಲ. ಒಂದೇ ಕೆರೆಯನ್ನು ಒಂದೇ ಕಿಟಕಿಯಿಂದ ದಿನವೂ ನೋಡಿದವರ ಬಳಿ ಸಿಗುತ್ತದೆ. 'ಇವತ್ತು ಏನೂ ಇಲ್ಲ' ಎಂದು ಬರೆದ ದಿನಕ್ಕೂ ಅಲ್ಲಿ ಬೆಲೆಯಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಹೇಳುತ್ತಾರೆ. ಯಾವ ಪಟ್ಟಿಯೂ ಇಲ್ಲದ ಆ ಊರಿನ ಅಜ್ಜಿಯರ ಹತ್ತಿರ ಕುಳಿತು ಕಲಿಯುವುದಕ್ಕೆ ವಿಜ್ಞಾನಿಗಳೇ ಹೋಗುತ್ತಾರೆ.

ಹುಡುಗನ ವಿಷಯಕ್ಕೆ ಬರೋಣ. ನಾಲ್ಕು ಪುಟದ ಕಷ್ಟ ನಿಜವೋ ನಾಟಕವೋ ಎಂಬ ಚರ್ಚೆಯನ್ನು ಇವತ್ತೇ ನಿಲ್ಲಿಸಿ. ಕಾರಣ ಬರೆದುಕೊಡಿ ಎಂದವರು ನೀವು, ಅವನು ಬರೆದುಕೊಟ್ಟ. ಹತ್ತೊಂಬತ್ತು ಇಪ್ಪತ್ತರ ಹುಡುಗ ತನ್ನ ಮನೆಯ ಸಾಲವನ್ನು ಎಪ್ಪತ್ತು ಜನರ ಮುಂದೆ ಹರಡಬೇಕಾಗಿ ಬಂದದ್ದು ನಿಮ್ಮ ನಿಯಮದಿಂದ. ಆ ಪತ್ರವನ್ನು ಅವನ ಕೈಗೇ ಹಿಂದಿರುಗಿಸಿ, ಪ್ರತಿಗಳಿದ್ದರೆ ಹರಿದುಹಾಕಿ, ಸಾಧ್ಯವಾದರೆ ಕ್ಷಮೆ ಕೇಳಿ.

1908ರಲ್ಲಿ ಮುಂಬಯಿಯ ಹುಡುಗನೊಬ್ಬ ಆಟದ ಬಂದೂಕಿನಿಂದ ಗುಬ್ಬಿಯೊಂದನ್ನು ಹೊಡೆದ. ಅದರ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ ಎಂದು ಕೇಳಲು ಸೋದರಮಾವನ ಪರಿಚಯಪತ್ರ ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿನ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಆ ಹುಡುಗನಿಗೆ ಹಕ್ಕಿಯ ಹೆಸರು ಹೇಳಿದ್ದಷ್ಟೇ ಅಲ್ಲದೆ, ಸಂಗ್ರಹದ ಕಪಾಟುಗಳನ್ನು ತೆರೆದು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಆ ಹುಡುಗನೇ ಮುಂದೆ ದೇಶದ ಹೆಸರಾಂತ ಪಕ್ಷಿತಜ್ಞರಾದ ಸಲೀಂ ಅಲಿ. ನವೆಂಬರ್ 12ಕ್ಕೆ, ದೀಪಾವಳಿಯ ಆಸುಪಾಸಿನಲ್ಲೇ, ನಾವೆಲ್ಲ ಅವರ ಹುಟ್ಟುಹಬ್ಬ ಆಚರಿಸುತ್ತೇವೆ.

ಹಾಗಾದರೆ ದುರ್ಬೀನು ಹುಡುಗನಿಗೇ ಸಲ್ಲಬೇಕಲ್ಲವೇ ಎಂದು ನೀವು ಕೇಳಬಹುದು. ನಾನೂ ಒಂದು ಸಂಜೆ ಹಾಗೆಯೇ ಯೋಚಿಸಿದೆ. ಆದರೆ ಮಿಲ್ಲಾರ್ಡ್ ಬಹುಮಾನ ಕೊಡಲಿಲ್ಲ, ಪುಸ್ತಕವನ್ನು ಎರವಲು ಕೊಟ್ಟರು. ಎರವಲು ತಂದವನು ಹಿಂದಿರುಗಿಸಲು ಮತ್ತೆ ಬರಬೇಕು, ಬಂದಾಗ ಇನ್ನೊಂದು ಕಪಾಟು ತೆರೆಯುತ್ತದೆ. ನಿಮ್ಮ ಅಧಿಕಾರಿಗಳ ಬಳಿ ಎರಡು ದುರ್ಬೀನುಗಳಿವೆ ಎಂದಿದ್ದೀರಿ. ಎರಡನ್ನೂ ಒಟ್ಟಿಗೆ ಕಣ್ಣಿಗೆ ಇಟ್ಟುಕೊಳ್ಳಲು ಅವರಿಂದಲೂ ಸಾಧ್ಯವಿಲ್ಲ. ಹಳೆಯದನ್ನು ಹುಡುಗನಿಗೆ ಎರವಲು ಕೊಟ್ಟು ವಾರಕ್ಕೊಮ್ಮೆ ಜೊತೆಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿ. ಹನ್ನೊಂದು ವರ್ಷ ಎಪ್ಪತ್ತು ಜನರಿಗೆ ಬಸ್ಸು, ತಿಂಡಿ, ಅನುಮತಿ ಎಂದು ಓಡಾಡಿದ ಮನುಷ್ಯ ಇದಕ್ಕೆ ಇಲ್ಲವೆನ್ನಲಾರರು. ಅವರಿಗೂ ಬಳಗ ಏನಾದರೂ ಕೊಡಬೇಕೆಂದಿದ್ದರೆ ಮುಂದಿನ ವರ್ಷದ ಸುತ್ತಾಟಗಳ ಹೊಣೆಯನ್ನು ನಾಲ್ವರು ಹಂಚಿಕೊಳ್ಳಿ, ಅವರು ಒಮ್ಮೆಯಾದರೂ ತಲೆ ಎಣಿಸದೆ ಹಕ್ಕಿ ನೋಡಲಿ. 'ಬೇಡ' ಎಂದವರ ಮಾತನ್ನು ನಂಬುವುದೂ ಒಂದು ಮರ್ಯಾದೆ.

ಮತದಾನ ಬೇಡ. ಅದರಲ್ಲಿ ಗೆಲ್ಲುವುದು ಪರಿಚಯ. ಚೀಟಿಯೂ ಬೇಡ, ಚೀಟಿ ಎತ್ತುವುದಾಗಿದ್ದರೆ ಮೂರು ಜನರನ್ನು ಇಷ್ಟು ಗೋಳು ಹುಯ್ದುಕೊಳ್ಳಬೇಕಿರಲಿಲ್ಲ.

ನನ್ನನ್ನು ಕೇಳಿದರೆ ದುರ್ಬೀನು ಕೆರೆಯ ಪಕ್ಕದ ಆ ಕಿಟಕಿಗೆ ಹೋಗಬೇಕು. ಆಕೆ ಬಡವರೆಂದಾಗಲಿ, ಎಲ್ಲರಿಗಿಂತ ದೊಡ್ಡ ಪಕ್ಷಿಪ್ರೇಮಿ ಎಂದಾಗಲಿ ಅಲ್ಲ. ಆರು ವರ್ಷಗಳ ಕೆಲಸವೊಂದು ಅಲ್ಲಿ ನಡೆಯುತ್ತಿದೆ, ಅದಕ್ಕೆ ಇದೊಂದು ಉಪಕರಣ ಕಡಿಮೆಯಿದೆ, ಅಷ್ಟೇ. ಬಾಕಿ ವಂತಿಗೆಯ ಮಾತನ್ನು ಯಾರಾದರೂ ಎತ್ತಿದರೆ ಈ ಪತ್ರಿಕೆಯ ಲೆಕ್ಕದಲ್ಲಿ ಬರೆದುಕೊಳ್ಳಿ, ಕಳಿಸಿಕೊಡುತ್ತೇನೆ.

ಆದರೆ ಮೊದಲು ಅವರನ್ನೇ ಕೇಳಿ. ಇಷ್ಟೆಲ್ಲ ರಾಮಾಯಣ ನಡೆದಿರುವುದು ಅವರಿಗೆ ಗೊತ್ತೇ ಎಂಬುದೇ ನನಗೆ ಅನುಮಾನ. ಶಿಕ್ಷಕಿಯೊಬ್ಬರೇ ಹೋಗಿ, ಪಾತ್ರೆ ತೊಳೆದು ಮುಗಿದ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ಕೇಳಲಿ. ಬೇಡವೆನ್ನಲು ಅವರಿಗೆ ಹತ್ತು ಕಾರಣಗಳಿರಬಹುದು. ಬೆಲೆಬಾಳುವ ವಸ್ತು ಶಾಲೆಯಿಂದ ಕಳುವಾದರೆ ಯಾರನ್ನು ಕೇಳುತ್ತಾರೆ ಎಂಬ ಭಯ ಸಣ್ಣದಲ್ಲ. ಅದು ಅವರ ಸ್ವಂತದ್ದು, ಕಳೆದರೂ ಒಡೆದರೂ ಮಾರಿದರೂ ಬಳಗ ಕೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಕೊಟ್ಟ ಮೇಲೆ ತಪಾಸಣೆಗೆ ಹೋಗುವುದಾದರೆ ಕೊಡಲೇಬೇಡಿ. ವೇದಿಕೆ, ಶಾಲು, ಪೇಟ, ಹಣ್ಣಿನ ಬುಟ್ಟಿ, ಸಾಲಾಗಿ ನಿಂತು ತೆಗೆಸಿಕೊಳ್ಳುವ ಫೋಟೊ ಯಾವುದೂ ಬೇಡ. 62 ಜನರ ಕೈಗಳು ಒಂದು ದುರ್ಬೀನಿನ ಮೇಲೆ ಇರುವ ಚಿತ್ರವನ್ನು ನಮಗೆ ಪ್ರಕಟಣೆಗೆ ಕಳಿಸಿದರೆ ಹಾಕುವುದಿಲ್ಲ, ಈಗಲೇ ಹೇಳಿದ್ದೇನೆ.

ಒಪ್ಪಿದರೆ ಎಂಟು–ನಲವತ್ತೆರಡರದು ಕೊಳ್ಳಿ. ಎಂಟು ಅಂದರೆ ಹಿಗ್ಗಿಸುವ ಪಟ್ಟು, ನಲವತ್ತೆರಡು ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಐದು ಮಿಲಿಮೀಟರಿಗಿಂತ ತುಸು ಹೆಚ್ಚು, ಮೋಡದ ಬೆಳಿಗ್ಗೆಗೂ ಸಾಕು. ಕನ್ನಡಕ ಹಾಕುವವರಾದರೆ ಕಣ್ಣಿಗೂ ಗಾಜಿಗೂ ನಡುವೆ ಹದಿನೈದು ಮಿಲಿಮೀಟರಿಗಿಂತ ಹೆಚ್ಚು ಅಂತರ ಕೊಡುವಂಥದ್ದನ್ನೇ ಕೇಳಿ ಕೊಳ್ಳಿ. ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ, ಎರಡು ಮೂರನ್ನು ಕಣ್ಣಿಗಿಟ್ಟು ನೋಡಲಿ. ಉಳಿದ ಹಣದಲ್ಲಿ ಅಗಲವಾದ ಕೊರಳಪಟ್ಟಿ, ಗಾಳಿಯಾಡದ ಡಬ್ಬಿ, ಅದರೊಳಗೆ ಹಾಕಲು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೊಡಿಸಿ. ಮುಖ್ಯವಾಗಿ, ದುರ್ಬೀನನ್ನು ಅಡುಗೆಕೋಣೆಯಲ್ಲಿ ಇಡಬಾರದು. ನೂರು ಮಕ್ಕಳ ಅನ್ನ ಬೇಯುವ ಹಬೆಗೆ ಗಾಜಿನ ಒಳಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು.

ನನಗೊಂದು ಸ್ವಾರ್ಥವಿದೆ. ನಿಮ್ಮ ಕಡೆಯ ಕೆರೆಗಳಿಗೆ ಬಾತುಗಳು ಇಳಿಯುವ ಕಾಲ ಇದು. ಆ ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ಅವರು ಎಸೆಯದೆ ಇಟ್ಟಿದ್ದಾರೆಯೇ, ಆರು ವರ್ಷಗಳಲ್ಲಿ ಬಾತಿನ ಮೊದಲ ಗುರುತು ಯಾವ ಯಾವ ತಾರೀಖಿನ ಚೌಕದಲ್ಲಿ ಬಿದ್ದಿದೆ ಎಂದು ಶಿಕ್ಷಕಿ ನೋಡಿ ಬರೆಯಬಲ್ಲರೇ? ದುರ್ಬೀನಿನ ಜಗಳ ಏನೇ ಆಗಲಿ, ಅದನ್ನು ಮಾತ್ರ ಬೇಗ ಕಳಿಸಿ.

— ಸಂಪಾದಕ