107 ಹೆಸರು, ಒಂದೇ ವೋಟು: ಗುಂಪಲ್ಲಿ ಗೋವಿಂದನಾ?

ಪ್ರಶ್ನೆ: ಭಾರತಕ್ಕೆ ಅಮೆರಿಕದ ರಾಯಭಾರಿಯಾಗಿ ಬಂದ ಸೆರ್ಜಿಯೊ ಗೋರ್ ಅವರನ್ನು ಅಲ್ಲಿನ ಸೆನೆಟ್ ಇನ್ನೂ 106 ಜನರ ಜೊತೆ ಸೇರಿಸಿ ಒಂದೇ ವೋಟಿನಲ್ಲಿ ಒಪ್ಪಿತು ಅಂತ ಓದಿದೆ. ಹೀಗೂ ಮಾಡಬಹುದಾ ಸರ್? ಪಟ್ಟಿಯಲ್ಲಿ ಒಬ್ಬರು ಬೇಕು, ಇನ್ನೊಬ್ಬರು ಬೇಡ ಅನ್ನುವ ಸೆನೆಟರ್ ಏನು ಮಾಡಬೇಕು?
– ಒಬ್ಬ ಓದುಗರು, ತುಮಕೂರು

ಉತ್ತರ: ನೀವು ಓದಿದ್ದು ಸರಿ. 2025ರ ಅಕ್ಟೋಬರ್ 7ರಂದು ಆ 107 ಜನರೂ 51–47 ಮತಗಳಿಂದ ಒಟ್ಟಿಗೇ ಪಾಸಾದರು. ಒಬ್ಬರು ಬೇಡ ಅನ್ನಿಸಿದವರಿಗೆ ಆ ವೋಟಿನಲ್ಲಿ ದಾರಿಯೇ ಇಲ್ಲ. ಇಡೀ ಪಟ್ಟಿಗೆ ಹೂಂ ಅನ್ನಬೇಕು, ಇಲ್ಲಾ ಉಹೂಂ.

ಒಟ್ಟಿಗೆ ಪಾಸು ಮಾಡುವುದು ಹೊಸದೇನಲ್ಲ. ಸೇನೆಯ ಬಡ್ತಿಗಳು ಮೊದಲಿಂದಲೂ ಹಾಗೆಯೇ ಕಟ್ಟುಕಟ್ಟಾಗಿ ಹೋಗುತ್ತಿದ್ದವು, ಆದರೆ ನೂರು ಸೆನೆಟರ್‌ಗಳಲ್ಲಿ ಒಬ್ಬರೂ ತಕರಾರು ತೆಗೆಯಬಾರದು, ಅಷ್ಟೇ. 2023ರಲ್ಲಿ ಅಲಬಾಮಾದ ಟಾಮಿ ಟ್ಯೂಬರ್‌ವಿಲ್ ಒಬ್ಬರೇ ಇಂಥ ನಾನೂರಕ್ಕೂ ಜಾಸ್ತಿ ಬಡ್ತಿಗಳನ್ನು ತಿಂಗಳುಗಟ್ಟಲೆ ತಡೆದು ಕೂತಿದ್ದರು. (ಅವರು ರಿಪಬ್ಲಿಕನ್ ಅನ್ನೋದನ್ನ ಈಗ ಆ ಪಕ್ಷದವರು ಜಾಸ್ತಿ ನೆನಪಿಸಿಕೊಳ್ಳಲ್ಲ ಬಿಡಿ.)

2025ರಲ್ಲಿ ಡೆಮಾಕ್ರಟರು ಟ್ರಂಪ್ ಕಳಿಸಿದ ಹೆಸರುಗಳಿಗೆಲ್ಲ ತಕರಾರು ಶುರು ಮಾಡಿದರು. ಆಗ ಒಬ್ಬೊಬ್ಬರಿಗೂ ಚರ್ಚೆ ಮುಗಿಸಲು ಒಂದು ವೋಟು, ಆಮೇಲೆ ಎರಡು ಗಂಟೆವರೆಗೆ ಚರ್ಚೆ, ಕೊನೆಗೆ ಇನ್ನೊಂದು ವೋಟು. ಹೀಗೆ ನೂರಾರು ಹೆಸರು ಬಾಕಿ ಬಿದ್ದರೆ ಗತಿ ಏನು? ಸೆಪ್ಟೆಂಬರ್ 11ರಂದು ರಿಪಬ್ಲಿಕನ್ನರು 53–45 ಮತಗಳಿಂದ ಪದ್ಧತಿಯನ್ನೇ ಬದಲಿಸಿದರು: ಯಾರು ತಕರಾರು ತೆಗೆದರೂ ಬಹುಮತವಿದ್ದರೆ ಗುಂಪಾಗಿ ಪಾಸು ಮಾಡಬಹುದು. ಒಂದೇ ವಾರದಲ್ಲಿ ಮೊದಲ ಕಂತು, 48 ಜನ, ಪಾಸು. ಸಂಪುಟ ದರ್ಜೆಯವರು ಮತ್ತು ನ್ಯಾಯಾಧೀಶರನ್ನು ಮಾತ್ರ ಹೀಗೆ ಗುಂಪಿಗೆ ಸೇರಿಸುವಂತಿಲ್ಲ.

ಹಾಗಂತ ಗೋರ್ ಅವರನ್ನು ಯಾರೂ ಏನೂ ಕೇಳಲಿಲ್ಲ ಅಂದುಕೊಳ್ಳಬೇಡಿ. ಪದ್ಧತಿ ಬದಲಾದ ಅದೇ ದಿನ ಅವರು ವಿದೇಶಾಂಗ ಸಮಿತಿಯ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಸಮಿತಿಯ ವಿಚಾರಣೆ ಹಾಗೇ ಉಳಿದಿದೆ. ಹೋಗಿದ್ದು ಒಬ್ಬೊಬ್ಬರಿಗೂ ಯಾರು ಹೂಂ ಅಂದರು, ಯಾರು ಉಹೂಂ ಅಂದರು ಅನ್ನುವ ಲೆಕ್ಕ. ಆ 47 ಜನ ಬೇಡ ಅಂದಿದ್ದು ಗೋರ್ ಅವರನ್ನೋ, ಅದೇ ಪಟ್ಟಿಯಲ್ಲಿ ಬಹಾಮಾಸ್‌ಗೆ ಹೊರಟಿದ್ದ ಮಾಜಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಹರ್ಷೆಲ್ ವಾಕರ್ ಅವರನ್ನೋ, ಇಲ್ಲಾ ಈ ಪದ್ಧತಿಯನ್ನೇ ಬೇಡ ಅಂದರೋ, ದಾಖಲೆ ನೋಡಿ ಹೇಳಲು ಆಗುವುದಿಲ್ಲ. ನನಗೆ ಸರಿ ಕಾಣದಿರುವುದು ಇದೊಂದೇ. ಮುಂದಿನ ಚುನಾವಣೆಯಲ್ಲಿ ಮತದಾರರು "ಅವರಿಗೆ ಯಾಕ್ರೀ ಹೂಂ ಅಂದ್ರಿ?" ಅಂತ ಕೇಳಿದರೆ, "ಅಯ್ಯೋ, ಪಟ್ಟಿಯಲ್ಲಿದ್ದರು" ಅಂತ ಜಾರಿಕೊಳ್ಳಬಹುದಲ್ವಾ?

ನಮ್ಮಲ್ಲಂತೂ ರಾಯಭಾರಿ ನೇಮಕ ಸಂಸತ್ತಿನ ಮುಂದೆ ಬರುವುದೇ ಇಲ್ಲ, ಸರ್ಕಾರವೇ ಮಾಡುತ್ತದೆ. ಆದರೆ ಬಜೆಟ್ ಹೊತ್ತಿಗೆ ಲೋಕಸಭೆಯಲ್ಲಿ ಚರ್ಚೆಯಾಗದೆ ಉಳಿದ ಇಲಾಖೆಗಳ ಬೇಡಿಕೆಗಳನ್ನೆಲ್ಲ ಕೊನೇ ದಿನ ಒಟ್ಟಿಗೆ ಮತಕ್ಕೆ ಹಾಕುತ್ತಾರೆ ನೋಡಿ, ಗಿಲೊಟಿನ್ ಅಂತ, ಅದರ ರುಚಿ ಹೆಚ್ಚು ಕಡಿಮೆ ಇದೇ.

ಗುಂಪಿಗೂ ಒಂದು ಅಪಾಯ ಇದೆ. ಅದೇ 2025ರ ಡಿಸೆಂಬರ್‌ನಲ್ಲಿ ಸೆನೆಟ್ ಮುಂದೆ 88 ಜನರ ಪಟ್ಟಿ ಬಂತು. ಅದರಲ್ಲಿ ಮಾದಕವಸ್ತು ನಿಯಂತ್ರಣ ಕಚೇರಿಯ ಮುಖ್ಯಸ್ಥರ ಹೆಸರೂ ಸೇರಿತ್ತು, ಆ ಹುದ್ದೆಗೆ ಸಂಪುಟ ದರ್ಜೆಯ ಸಂಬಳ, ಅಂದರೆ ಗುಂಪಿಗೆ ಸೇರಿಸುವಂತಿಲ್ಲ. ಕೊಲರಾಡೊದ ಡೆಮಾಕ್ರಟ್ ಸೆನೆಟರ್ ಮೈಕೆಲ್ ಬೆನೆಟ್ ಅದನ್ನು ಹಿಡಿದರು, ಇಡೀ ಪಟ್ಟಿ ನಿಂತಿತು. ರಿಪಬ್ಲಿಕನ್ನರು ಪಟ್ಟಿಯನ್ನು ಹೊಸದಾಗಿ ಬರೆದು ತಂದರು. ಈ ಸಲ ಅದರಲ್ಲಿ 97 ಹೆಸರಿತ್ತು.