ಹೊಸ ಗಾಡಿ, ಕಾಣದ ಗುಡ್ಡ, ಇಬ್ಬರು ಮಕ್ಕಳು

ಪ್ರಶ್ನೆ: ಈಚೆಗೆ ಮಾರುತಿಯ ಐದು ಬಾಗಿಲಿನ ಜೀಪು, ಜಿಮ್ನಿ ಕೊಂಡಿದ್ದೇವೆ. ಸಕಲೇಶಪುರದ ಆಚೆ ಹಳ್ಳ ದಾಟಿ ಗುಡ್ಡ ಹತ್ತುವ ದಾರಿಯೊಂದಿದೆ ಎಂದು ಗೆಳೆಯನೊಬ್ಬ ಮೊಬೈಲ್‌ಗೆ ಜಾಗದ ಗುರುತು ಕಳುಹಿಸಿದ್ದಾನೆ. ಐದು ಮತ್ತು ಒಂಬತ್ತು ವರ್ಷದ ಮಕ್ಕಳನ್ನೂ ಕರೆದೊಯ್ಯುವ ಆಸೆ. ನನ್ನ ಹೆಂಡತಿಗೆ ಧೈರ್ಯವಿಲ್ಲ. ಏನೇನು ಸಿದ್ಧತೆ ಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಗಾಡಿಯ ಬಗ್ಗೆ ನನಗೆ ಚಿಂತೆಯಿಲ್ಲ. ನೆಲದಿಂದ 210 ಮಿಲಿಮೀಟರ್ ಎತ್ತರ, ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್ ವೀಲ್ ಡ್ರೈವ್, ಕಡಿದಾದ ಕಡೆ ನಿಧಾನವಾಗಿ ಬಲವಾಗಿ ಎಳೆಯುವ ಲೋ ಗೇರ್ ಎಲ್ಲವೂ ಅದಕ್ಕಿದೆ. ನನ್ನ ಅನುಮಾನವೆಲ್ಲ ಆ ಗುರುತಿನ ಮೇಲೆ. ಗೆಳೆಯ ಅಲ್ಲಿಗೆ ಹೋದದ್ದು ಮಾರ್ಚಿನಲ್ಲೋ, ಆಗಸ್ಟಿನಲ್ಲೋ? ಆ ದಾರಿ ಯಾರ ಕಾಫಿ ತೋಟದೊಳಗೆ ಹಾಯುತ್ತದೆ? ಮೀಸಲು ಅರಣ್ಯವಾದರೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸಿದವರ ಮೇಲೆ ಕೇಸು ಬೀಳುತ್ತದೆ. ತೋಟದ ಮಾಲೀಕರನ್ನೋ ಅರಣ್ಯ ಕಚೇರಿಯನ್ನೋ ಕೇಳದೆ ಮನೆ ಬಿಡಬೇಡಿ.

ಮೊದಲ ಸಲ ಮಕ್ಕಳು ಬೇಡವೇ ಬೇಡ. ಗೆಳೆಯನೂ ತನ್ನ ಗಾಡಿ ತರಲಿ. ಸಿಕ್ಕಿಬಿದ್ದರೆ ಎಳೆಯಲು ಇನ್ನೊಂದು ಗಾಡಿ ಇರಬೇಕು, ಆ ಗುಡ್ಡದಲ್ಲಿ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೂ ಮುಂಚೆ ನೀವು ದಂಪತಿಗಳಿಬ್ಬರೇ ಕೊಲ್ಲೂರಿಗೆ ಹೋಗಿ ಬಾಡಿಗೆ ಜೀಪಿನಲ್ಲಿ ಕೊಡಚಾದ್ರಿ ಹತ್ತಿ ಬನ್ನಿ. 1,343 ಮೀಟರ್ ಎತ್ತರದ ಆ ಬೆಟ್ಟದಿಂದ ಇಳಿಯುವಾಗ ಚಾಲಕನ ಕಾಲನ್ನು ಗಮನಿಸಿ. ಅವನು ಬ್ರೇಕನ್ನೇ ತುಳಿದುಕೊಂಡು ಕೂರುವುದಿಲ್ಲ, ಕ್ಲಚ್ಚನ್ನಂತೂ ಮುಟ್ಟುವುದಿಲ್ಲ. ಮೊದಲ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಯಾವ ತರಬೇತಿ ವಿಡಿಯೊಕ್ಕೂ ಇಷ್ಟು ಕಲಿಸಲು ಬರುವುದಿಲ್ಲ.

ಮಕ್ಕಳನ್ನು ಕರೆದೊಯ್ಯುವ ದಿನ ಚಿಕ್ಕವನಿಗೆ ಮಕ್ಕಳ ಸೀಟು ಹಾಕಿ. ಹಿಂದಿನ ಸೀಟಿನಲ್ಲಿ ಅದನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳಿವೆ. ದೊಡ್ಡವನಿಗೆ ಬೂಸ್ಟರ್, ಅಂದರೆ ಕೂರುವ ಎತ್ತರ ಹೆಚ್ಚಿಸುವ ಸೀಟು ಇದ್ದರೆ ಬೆಲ್ಟ್ ಕುತ್ತಿಗೆಗೆ ಬಾರದೆ ಭುಜದ ಮೇಲೆ ಕೂರುತ್ತದೆ. ಹದಿನಾಲ್ಕರೊಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಕಾಡುದಾರಿಯಲ್ಲಿ ಯಾರೂ ನೋಡುವುದಿಲ್ಲ ನಿಜ, ಆದರೆ ತಲೆ ಛಾವಣಿಗೆ ಬಡಿಯುವುದು ಅಲ್ಲಿಯೇ. ಹಿಂದಿನ ಸೀಟು ಮಡಚದೆ ಇದ್ದರೆ ಡಿಕ್ಕಿಯಲ್ಲಿ ಸಿಗುವುದು ಬರೀ 208 ಲೀಟರ್ ಜಾಗ. ಉಳಿದ ಸಾಮಾನು ಮಕ್ಕಳ ಕಾಲಬುಡ ಸೇರುತ್ತದೆ. ಜ್ಯಾಕು, ಸ್ಟೀಲ್ ಫ್ಲಾಸ್ಕು ಅಲ್ಲಿ ಸುಮ್ಮನೆ ಬಿದ್ದಿರಬಾರದು. ಒಂದು ಗುಂಡಿಗೆ ಚಕ್ರ ಇಳಿದರೆ ಅವು ಹಾರುತ್ತವೆ.

ನಾನು ಅತಿ ಹೆಚ್ಚು ಹೆದರುವುದು ಗಾಡಿ ಎಳೆಯುವ ಹೊತ್ತಿಗೆ. ಕೆಸರಿನಲ್ಲಿ ಹೂತ ಗಾಡಿಗೆ ಹಗ್ಗ ಕಟ್ಟಿದ ಕೂಡಲೇ ಎಲ್ಲರೂ ಮೊಬೈಲ್ ಹಿಡಿದು ಸುತ್ತ ನೆರೆಯುತ್ತಾರೆ, ಮಕ್ಕಳು ಎಲ್ಲರಿಗಿಂತ ಮುಂದೆ. ಬಿಗಿದ ಹಗ್ಗ ಹರಿದರೆ ಅಥವಾ ಕೊಕ್ಕೆ ಕಿತ್ತು ಬಂದರೆ ಅದು ಕಣ್ಣಿಗೆ ಕಾಣುವ ಮೊದಲೇ ಬಡಿದಿರುತ್ತದೆ, ಪ್ರಾಣವೂ ಹೋಗಬಹುದು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಹರಿದರೂ ಅದರ ರಭಸ ತಗ್ಗುತ್ತದೆ. ಮಕ್ಕಳನ್ನು ನಿಮ್ಮ ಹೆಂಡತಿ ಪಕ್ಕಕ್ಕೆ, ಹಗ್ಗದ ಉದ್ದಕ್ಕಿಂತ ಬಹಳ ದೂರ, ದಪ್ಪ ಮರದ ಹಿಂದೆ ಕರೆದೊಯ್ಯಲಿ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ಹಳ್ಳದ ವಿಷಯ ಹೆಚ್ಚು ಹೇಳಬೇಕಿಲ್ಲ. ಮಲೆನಾಡಿನಲ್ಲಿ ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಸುರಿದು ನೀರು ಏರಬಹುದು. ನೀರು ಕೆಂಪಾಗಿ ತರಗೆಲೆ ತೇಲಿಬರುತ್ತಿದ್ದರೆ ವಾಪಸು ಹೊರಡಿ.

ನಿಮ್ಮ ಹೆಂಡತಿಯ ಅಳುಕು ಸರಿಯಾಗಿಯೇ ಇದೆ. ಅವರು 'ಸಾಕು' ಎಂದ ಕಡೆ ಗಾಡಿ ತಿರುಗಿಸುವುದೆಂದು ಹೊರಡುವ ಮುಂಚೆಯೇ ಒಪ್ಪಿಕೊಳ್ಳಿ. ಹಾಂ, ಶಿರಾಡಿ ಘಾಟಿಯ ಕಡೆಗೂ ಇಳಿಯುವುದಾದರೆ ಮಕ್ಕಳಿಗೆ ಹೊಟ್ಟೆ ತುಂಬ ಮಸಾಲೆ ದೋಸೆ ತಿನ್ನಿಸಬೇಡಿ. ಎರಡು ಇಡ್ಲಿ ಸಾಕು, ಪ್ಲಾಸ್ಟಿಕ್ ಚೀಲಗಳು ಕೈಗೆ ಸಿಗುವಂತಿರಲಿ.