ಸನ್ಮಾನ ಯಾರಿಗೆ?

ಪ್ರಶ್ನೆ: ಮಾರ್ಚ್ 8ರಂದು ನಮ್ಮೂರ ಸಂಘವು ಮಹಿಳೆಯರನ್ನು ಸನ್ಮಾನಿಸುತ್ತದೆ, ಆದರೆ ಪ್ರತಿ ವರ್ಷವೂ ಪದಾಧಿಕಾರಿಗಳ ಮನೆಯವರೇ ವೇದಿಕೆಯೇರುತ್ತಾರೆ. ಆಯ್ಕೆ ಹೇಗಿರಬೇಕು?
– ಓದುಗರು, ಕೊಪ್ಪಳ ತಾಲ್ಲೂಕು

ಉತ್ತರ: ಶಾಲು, ಹಾರ, ಫಲತಾಂಬೂಲದ ಏರ್ಪಾಟಿಗಿಂತ ಹುಡುಕಾಟಕ್ಕೆ ಹೆಚ್ಚು ಸಮಯ ಕೊಡಿ. ನಡುರಾತ್ರಿ ಗರ್ಭಿಣಿಯ ಜೊತೆ ಆಂಬುಲೆನ್ಸ್ ಹತ್ತಿದ ಆಶಾ ಕಾರ್ಯಕರ್ತೆ ಯಾರು, ಸ್ವಸಹಾಯ ಸಂಘದ ಲೆಕ್ಕವನ್ನು ಪೈಸೆಯೂ ತಪ್ಪದಂತೆ ಬರೆದಿಟ್ಟವರು ಯಾರು ಎಂಬುದನ್ನು ಓಣಿಯ ಹೆಂಗಸರನ್ನೇ ಕೇಳಿ; ಪದಾಧಿಕಾರಿಗಳ ಕುಟುಂಬದವರನ್ನು ಪಟ್ಟಿಯಿಂದ ಹೊರಗಿಡಿ (ಮುನಿಸು ಒಂದು ವಾರವಷ್ಟೇ!). ಅರ್ಹರು ಎಲೆಮರೆಯಲ್ಲೇ ಇರಬಹುದು: ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು ಭಿಕ್ಷೆ ಬೇಡಿ ಬದುಕಿದ ದಿನಗಳಿಂದ ಜೋಗತಿ ನೃತ್ಯದ ಮೂಲಕ ಬೆಳೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರು. ನಿಮ್ಮಲ್ಲಿಯೂ ಮುಖ್ಯ ಅತಿಥಿಗಳಿಗಿಂತ ಮೊದಲು ಸನ್ಮಾನಿತರ ಕೈಗೇ ಮೈಕು ಕೊಡಿ.